ಆರು, ಎಂಟು ಸೇರಿ ಹತ್ತು

ಫಿಲಿಪ್ಪೀನ್ಸಿನ ಇಲೊಯಿಲೊ ಪಟ್ಟಣದ ನಾವಿಕ ಕಾಲೇಜಿನಲ್ಲಿ ರಾಮಿಲ್ ಪಲ್ಮಾರೆಸ್‌ನಷ್ಟು ಬುದ್ಧಿವಂತ ಇನ್ನೊಬ್ಬನಿರಲಿಲ್ಲ. ಹಾಗಂತ ಅವನೇ ಹೇಳುತ್ತಿದ್ದ, ನಂಬದೆ ಇನ್ನೇನು ಮಾಡುವುದು? ಹಡಗಿನಲ್ಲಿ ವಿದ್ಯುತ್ ಕೆಲಸದ ತರಬೇತಿಗೆ ಜಾಗ ಸಿಕ್ಕಾಗಿತ್ತು, ಭಾನುವಾರ ಮನಿಲಾದಿಂದ ಹೊರಡಬೇಕು. ನಡುವೆ ಒಂದು ಪ್ರಾಯೋಗಿಕ ಪರೀಕ್ಷೆ ಪಾಸಾಗಬೇಕಿತ್ತು, ಅಷ್ಟೇ. ಅದನ್ನು ಲೆಕ್ಕಕ್ಕೇ ಹಿಡಿಯದೆ ತಾಯಿ ಬೀಳ್ಕೊಡುಗೆಯ ಊಟ ಹಾಕಿಸಿಬಿಟ್ಟಿದ್ದಳು. ಇಡೀ ಹಂದಿ ಸುಟ್ಟಿದ್ದಾಯಿತು. ಕೇರಿಗೆ ಕೇರಿಯೇ ಬಂದು ತಿಂದು, ಮೈಕು ಕಿತ್ತಾಡಿಕೊಂಡು ಹಾಡಿ, "ಜಪಾನಿಂದ ಚಾಕ್ಲೇಟ್ ತಾರೋ" ಎಂದು ಹರಸಿ ಹೋಯಿತು.

ಪರೀಕ್ಷೆಯಾದರೂ ಎಂಥದ್ದು! ಒಂದು ರೆಸಿಸ್ಟರು, ಒಂದು ಕೆಪಾಸಿಟರು, ಎರಡನ್ನೂ ಒಂದರ ಹಿಂದೊಂದು ಜೋಡಿಸಿ ಹತ್ತು ವೋಲ್ಟಿನ ಎಸಿ ಕರೆಂಟು ಕೊಡುವುದು, ಒಂದೊಂದಕ್ಕೂ ಮೀಟರ್ ಹಿಡಿದು ಬರೆಯುವುದು. ರೆಸಿಸ್ಟರಿಗೆ ಆರು ಬಂತು. ಕೆಪಾಸಿಟರಿಗೆ ಎಂಟು.

ರಾಮಿಲ್ ಬೆವತುಹೋದ. ಕೊಟ್ಟಿದ್ದು ಹತ್ತು, ಕೂಡಿದರೆ ಹದಿನಾಲ್ಕು! ಮೀಟರಿಗೇ ಬುದ್ಧಿಯಿಲ್ಲ ಎಂದು ತೀರ್ಮಾನಿಸಿ, ಎಂಟನ್ನು ಅಳಿಸಿ ನಾಲ್ಕು ಮಾಡಿದ. ಪರೋಪಕಾರಿ ಬೇರೆ, ಪಕ್ಕದ ಹುಡುಗಿ ಜೊವೆಲಿನ್‌ಗೂ ಪಿಸುಗುಟ್ಟಿದ.

"ಲೇ, ನಿಂದೂ ಹದಿನಾಲ್ಕಾಗುತ್ತಲ್ಲೇ! ಸರಿ ಮಾಡ್ಕೊ, ಫೇಲಾಗ್ತೀಯ."

"ಮೀಟರ್ ತೋರಿಸಿದ್ದು ಬರ್ದಿದೀನಪ್ಪ. ಅದಕ್ಕಿಂತ ಬುದ್ಧಿವಂತೆ ನಾನಲ್ಲ."

"ನಿನ್ ಹಣೆಬರಹ!"

ಪರೀಕ್ಷಕರು ಗುಂಬಾನ್ ಸರ್. ಮೊದಲು ಅವಳ ಹಾಳೆ ನೋಡಿದರು.

"ಏನಮ್ಮ, ಕೂಡಿದ್ರೆ ಹದಿನಾಲ್ಕಾಗಲ್ವಾ?"

"ಆಗುತ್ತೆ ಸರ್. ಯಾಕಂತ ಗೊತ್ತಿಲ್ಲ."

"ಎಸಿ ಅಂದ್ರೆ ಏರ್ತಾ ಇಳೀತಾ ಇರುತ್ತೆ. ರೆಸಿಸ್ಟರಿಂದು ತುದಿ ಮುಟ್ದಾಗ ಕೆಪಾಸಿಟರಿಂದು ಸೊನ್ನೇಲಿರುತ್ತೆ. ಇಬ್ರೂ ಒಟ್ಟಿಗೆ ಮೇಲಕ್ಕೆ ಹೋಗಲ್ಲ ಅಂದ್ಮೇಲೆ ಸುಮ್ನೆ ಕೂಡಕ್ಕಾಗುತ್ತಾ? ಆರಾರ್ಲಿ ಮೂವತ್ತಾರು, ಎಂಟೆಂಟ್ಲಿ ಅರವತ್ನಾಲ್ಕು. ಸೇರಿ ನೂರು. ಅದರ ವರ್ಗಮೂಲ?"

"ಅಯ್ಯೋ, ಹತ್ತು!"

"ಪಾಸು, ನಡಿ."

ರಾಮಿಲ್ ತನ್ನ ಹಾಳೆಯ ಮೇಲೆ ಕೈ ಮುಚ್ಚಿಕೊಂಡ. ಸರ್ ಅವನ ಹಾಳೆ ಎತ್ತಿಕೊಂಡರು.

"ಆಹಾ! ಎಷ್ಟು ಚಂದ ಕೂಡುತ್ತೆ. ಒಂದನೇ ಕ್ಲಾಸಲ್ಲಾಗಿದ್ರೆ ನೂರಕ್ಕೆ ನೂರು ಕೊಡ್ತಿದ್ದೆ."

"ಮೀಟರ್ ನಾಲ್ಕೇ ತೋರಿಸ್ತು ಸರ್."

"ಹೌದಾ? ಎಲ್ಲಿ, ಇನ್ನೊಂದ್ಸಲ ಹಿಡಿ."

ಹಿಡಿದ. ಎಂಟು. ಮಹಾಶಯ ಮೀಟರನ್ನು ಒಮ್ಮೆ ಕುಟ್ಟಿಯೂ ನೋಡಿದ. ಎಂಟೇ.

"ನಿಂಗೆ ಸರಿ ಉತ್ತರಾನೇ ಬಂದಿತ್ತಲ್ಲೋ," ಸರ್ ದನಿ ಏರಿಸಲಿಲ್ಲ. "ಅರ್ಥ ಆಗದಿದ್ರೆ ಹೇಳ್ಕೊಡ್ತಿದ್ದೆ. ನಾಳೆ ನಡುಸಮುದ್ರದಲ್ಲಿ ಮೀಟರ್ ಕರೆಂಟಿದೆ ಅಂದ್ರೂ, ಇರಕ್ಕಿಲ್ಲ ಅಂತ ಕೈ ಹಾಕ್ತೀಯ. ನಿನ್ನನ್ನ ಪೆಟ್ಟಿಗೇಲಿ ತಂದು ನಿಮ್ಮಮ್ಮಂಗೆ ಕೊಡೋರು ಯಾರು? ಮುಂದಿನ ವರ್ಷ ಬಾ."

ರಾಮಿಲ್ ಹೊರಗೆ ಬಂದು ಗೋಡೆಗೊರಗಿದ. ನಾಚಿಕೆಗೆ ಸತ್ತೇ ಹೋಗಬೇಕೆನಿಸಿತು. ಜೇಬಿನಲ್ಲಿ ಫೋನು ಬಡಿದುಕೊಂಡಿತು, ತಾಯಿಯದು.

"ತೊತೊ, ಮಗಾ, ನಿನ್ ಬಿಳಿ ಸಮವಸ್ತ್ರ ಇಸ್ತ್ರಿಗೆ ಕೊಡ್ಲೇನೋ? ಭಾನುವಾರ ಹಡಗು ಎಷ್ಟೊತ್ತಿಗಂತೆ?"

"ಬೆಳಗ್ಗೆ ಹೋಗುತ್ತಮ್ಮ," ಎಂದ. "ನಾನು ಹೋಗಲ್ಲ."