ಎದೆಯೊಳಗಿನ ಹುಳ

ದಡ್ಡಿ ಊರಿನ ಹೊಳೆದಂಡೆಯ ಮನೆಯಲ್ಲಿ ಬಾಳ್ಯಾ ಎಂಬ ನಾಯಿ ಎರಡು ತಿಂಗಳಿಂದ ಕೆಮ್ಮುತ್ತಿತ್ತು. ಕುರಿಗಳ ಹಿಂದೆ ಹೊರಟರೆ ಅರ್ಧ ದಾರಿಯಲ್ಲೇ ಕುಳಿತುಬಿಡುತ್ತಿತ್ತು. ಗಂಟಲಲ್ಲಿ ಎಲುಬು ಸಿಕ್ಕಿರಬೇಕೆಂದು ಮನೆಯೊಡತಿ ಹಣಮವ್ವ ಅದರ ಬಾಯಿ ತೆರೆದು ನೋಡಿದಳು, ಏನೂ ಕಾಣಲಿಲ್ಲ. ಕಡೆಗೆ ಟಂಟಂ ಆಟೋದಲ್ಲಿ ಹಾಕಿಕೊಂಡು ಹುಕ್ಕೇರಿಯ ದನದ ಡಾಕ್ಟರು ಸಾಹಿರಾ ಅವರ ಬಳಿಗೆ ಒಯ್ದಳು.

ಅವರು ರಕ್ತ ತೆಗೆದು ನೋಡಿದರು. “ಇದರ ಎದ್ಯಾಗ ಹುಳ ಅದಾವವ್ವಾ. ಸೊಳ್ಳಿ ಕಡದು ಬರ್ತಾವ. ಚಲೋ ಇರೂ ನಾಯಿಗೆ ರಕ್ತಾ ನೋಡಿ ತಿಂಗಳಿಗೊಂದು ಗುಳಗಿ ಕೊಟ್ಟರ ತಡೀಬಹುದು. ಇದಕ್ಕ ಈಗ ಹಂಗ ಆಗೂದಿಲ್ಲ. ಕಟ್ಟಿ ಹಾಕ್ರಿ, ಓಡಾಡಸಬ್ಯಾಡ್ರಿ. ಔಷಧಾ ತರಸ್ತೇನಿ. ಅಲ್ಲೀತನಕ ಬ್ಯಾರೆ ಯಾವ ಔಷಧಾನೂ ಹಾಕಬ್ಯಾಡ್ರಿ.”

ಮನೆಗೆ ಬಂದು ಗಂಡ ಬೀರಸಿದ್ದಪ್ಪನಿಗೆ ಹೇಳತೊಡಗಿದಳು. “ಎದ್ಯಾಗ ಹುಳ ಆಗ್ಯಾವಂತರಿ...”

ಅವನು ನಕ್ಕುಬಿಟ್ಟ. “ತಲ್ಯಾಗ ಹುಳಾ ಬಿಡಾವ್ರನ್ನ ಕಂಡೇನಿ, ಎದ್ಯಾಗಿಂದು ಇವತ್ತ ಕೇಳಿದ್ನಿ! ನಿನ್ನ ತಲ್ಯಾಗೂ ಒಂದು ಬಿಟ್ಟು ಕಳಿಸ್ಯಾರ ನೋಡು.”

ಅಂಗಳದಲ್ಲಿದ್ದವರೂ ನಕ್ಕರು. ಉಳಿದ ಮಾತನ್ನು ಹಣಮವ್ವ ನುಂಗಿಕೊಂಡಳು. ಆಮೇಲೆ ಹೇಳಿದರಾಯಿತು ಎಂದುಕೊಂಡಳು, ಹೇಳಲಿಲ್ಲ.

ಮೂರನೆಯ ದಿನ ಕುರಿಗಳಿಗೆ ಜಂತಿನ ಔಷಧ ಕುಡಿಸುವುದಿತ್ತು. ಅವಳು ಮೇವಿಗೆ ಹೋಗಿದ್ದಳು. ಬೀರಸಿದ್ದಪ್ಪ ಕುರಿಗಳದು ಮುಗಿಸಿ, ಹುಳವಿದ್ದರೆ ಸಾಯಲಿ ಎಂದು ಒಂದು ಕುರಿಗೆ ಹಾಕುವಷ್ಟನ್ನೇ ಬಾಳ್ಯಾನ ಬಾಯಿಗೂ ಹಾಕಿದ. ಪ್ರೀತಿಯಿಂದಲೇ ಹಾಕಿದ; ಕಹಿ ಹೋಗಲೆಂದು ಬೆಲ್ಲವನ್ನೂ ತಿನ್ನಿಸಿದ. ಮಧ್ಯಾಹ್ನ ಅವಳು ಹೊರೆ ಇಳಿಸುವ ಹೊತ್ತಿಗೆ ನಾಯಿ ತೂರಾಡುತ್ತಿತ್ತು. ವಸಡು ಸುಣ್ಣದಂತೆ ಬೆಳ್ಳಗಾಗಿತ್ತು. ಕುರಿಗಳ ಔಷಧ ಹಾಕಿದ್ದನ್ನು ಗಂಡನಿಂದ ಕೇಳಿ ಡಾಕ್ಟರಿಗೆ ಫೋನು ಹಚ್ಚಿದಳು.

“ಆ ಔಷಧದಿಂದ ರಕ್ತದಾಗಿನ ಮರಿಹುಳ ಒಮ್ಮಿಗೇ ಸತ್ತರ ಮೈ ತಡಿಯೂದಿಲ್ಲವ್ವಾ. ಲಗೂನ ತರ್ರಿ!”

ಟಂಟಂ ಬರುವ ಮೊದಲೇ ಬಾಳ್ಯಾ ಸತ್ತಿತು.

“ತಡಾ ಆತು. ಮೊದಲ ಹಾಕಿದ್ರ ಉಳೀತಿತ್ತು,” ಎಂದ ಬೀರಸಿದ್ದಪ್ಪ, ಕಣ್ಣೊರೆಸಿಕೊಳ್ಳುತ್ತ. ಅವನನ್ನು ಬೈಯಲು ಹಣಮವ್ವನಿಗೆ ಬಾಯಿ ಬರಲಿಲ್ಲ. ಹೇಳದೆ ಉಳಿದವಳು ತಾನೇ.

ಎಂಟು ದಿನಕ್ಕೆ ಬಾಜೂ ಮನೆಯ ಮಾಲಿಂಗ ಬಂದ. ಅವನ ನಾಯಿಗೂ ಕೆಮ್ಮು ಶುರುವಾಗಿತ್ತು.

“ಅಣ್ಣಾ, ತಡಾ ಆಗೂದ್ರಾಗ ನಿನ್ನ ಆ ಔಷಧಾ ಒಂದೀಟು ಕೊಡು.”

ಬೀರಸಿದ್ದಪ್ಪ ಬಾಟಲಿಗೆಂದು ಎದ್ದ.

“ಕೊಡಬ್ಯಾಡ್ರಿ,” ಎಂದಳು ಹಣಮವ್ವ.

“ಯಾಕ ವೈನಿ, ನನ್ನ ನಾಯಿ ಮ್ಯಾಲ ಸಿಟ್ಟೇನ?” ಮಾಲಿಂಗ ನಕ್ಕ.

“ಬಾಳ್ಯಾ ಹುಳದಿಂದ ಸತ್ತಿಲ್ಲೋ. ಈ ಔಷಧದಿಂದ ಸತ್ತೈತಿ. ಏನೂ ಹಾಕಬ್ಯಾಡ್ರಿ ಅಂತ ಡಾಕ್ಟರ ಬಾಯಾರು ಹೇಳಿದ್ರು. ನಾ ಮನ್ಯಾಗ ಹೇಳಲಿಲ್ಲ. ನೀ ಮೊದಲ ರಕ್ತಾ ತೋರಸು.”

ಬೀರಸಿದ್ದಪ್ಪ ಬಾಟಲಿ ಮುಟ್ಟದೆ ಅವಳತ್ತ ತಿರುಗಿದ. “ನನಗರ ಹೇಳಬೇಕಿತ್ತಲ್ಲ,” ಎಂದ.

ಮಾಲಿಂಗ ತನ್ನ ಮನೆಗೆ ಹೋಗಿ ನಾಯಿಯನ್ನು ಎತ್ತಿಕೊಂಡು ಹುಕ್ಕೇರಿಯ ದಾರಿ ಹಿಡಿದ.