ಆರಿಸಲು ಹೆದರಿದ ಮೇಸ್ತ್ರಿ

ಕಲ್ಲಿದ್ದಲಿನ ವಿದ್ಯುತ್ ಸ್ಥಾವರದ ಬಾಯ್ಲರ್ ಮೇಸ್ತ್ರಿ ಈ ವಯಸ್ಸಿನಲ್ಲಿ ಕಳ್ಳಕೆಲಸಕ್ಕೆ ಕೈಹಾಕಿದ್ದ. ಅದೂ ಮಗಳ ಕೈಗೇ ಸಿಕ್ಕಿಬಿದ್ದ. ಸ್ಥಾವರವೀಗ ಆಪತ್ತಿಗೆ ಮಾತ್ರ. ಊರಿಗೀಗ ಬಿಸಿಲು, ಗಾಳಿಯಿಂದ ಬರುವ ವಿದ್ಯುತ್ತೇ ಸಾಕು; ಅವೆರಡೂ ಕೈಕೊಟ್ಟಾಗ ಕರೆ ಬರುತ್ತದೆ. ಮಿಕ್ಕ ದಿನ ಬೆಂಕಿ ಆರಿರಬೇಕು. ಈ ಮಹಾಶಯ ಮಾತ್ರ ಒಳಗೊಳಗೇ ಸಣ್ಣ ಉರಿ ಉಳಿಸಿಕೊಂಡಿದ್ದ. ಊರಿಗೆಲ್ಲ ವಿದ್ಯುತ್ ಹಂಚುವ ಕಚೇರಿಯಲ್ಲಿ ಕೂತ ಮಗಳಿಗೆ ಪರದೆಯ ಮೇಲೆ ಚಿಮಣಿಯ ಹೊಗೆಯ ಲೆಕ್ಕ ಕಂಡಿತು.

"ಅಪ್ಪಾ, ಪೂರ್ತಿ ಆರಿಸು. ಇನ್ನೊಂದ್ಸಲ ಹೀಗಾದ್ರೆ ನಿಮ್ಮ ಸ್ಥಾವರಾನ ಆಪತ್ತಿನ ಪಟ್ಟಿಯಿಂದಲೇ ಕಿತ್ತುಹಾಕ್ತಾರೆ. ಗುಜರಿಗೆ ಹೋಗುತ್ತೆ!" ಫೋನಿನಲ್ಲೇ ಗದರಿದಳು.

"ಮೂವತ್ತು ವರ್ಷ ನಾನು ಕಾಯ್ದ ಬೆಂಕಿ ಕಣೇ."

"ಕಥೆ ಬೇಡ. ನಿಜ ಹೇಳು."

ಮೇಸ್ತ್ರಿ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ನಂಗೆ ಹಚ್ಚೋಕೆ ಬರಲ್ಲ."

ನಗಬೇಡಿ. ಅವನು ಕೆಲಸಕ್ಕೆ ಸೇರುವಾಗಲೇ ಬಾಯ್ಲರ್ ಉರಿಯುತ್ತಿತ್ತು. ರಿಪೇರಿಗೆ ನಿಲ್ಲಿಸಿದಾಗಲೆಲ್ಲ ಹೊರಗಿನ ತಂಡವೇ ಬಂದು ಹಚ್ಚಿಕೊಟ್ಟು ಹೋಗುತ್ತಿತ್ತು. ಈಗ ಆ ತಂಡವೂ ಇಲ್ಲ. ಉರಿ ಕಾಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ, ಒಪ್ಪಿದೆ. ತಣ್ಣಗಾದ ಬಾಯ್ಲರ್ ಎದುರು ಮಾತ್ರ ಪಾಪ, ಕೈಕಾಲೇ ಆಡುತ್ತಿರಲಿಲ್ಲ.

ಮಗಳೂ ನಗಲಿಲ್ಲ. "ಹಾಗಾದ್ರೆ ಕಲಿ. ಕರೆ ಬಂದ್ಮೇಲೆ ಹನ್ನೆರಡು ಗಂಟೆ ಟೈಮ್ ಇರುತ್ತಲ್ಲ."

ಆರಿಸಿದ. ಮನೆಗೆ ಬಂದು ತಟ್ಟೆಯ ಮುಂದೆ ಮುಖ ಇಳಿಬಿಟ್ಟು ಕೂತ.

"ಆರಿದ್ದು ಬಾಯ್ಲರ್ ರೀ, ನೀವಲ್ಲ. ಉಣ್ಣಿ," ಎಂದಳು ಹೆಂಡತಿ.

ಎರಡು ವಾರ ಕಳೆಯಿತು. ಮೋಡ ಕವಿಯಿತು, ಒಂದು ಎಲೆಯೂ ಅಲ್ಲಾಡಲಿಲ್ಲ. ಬೆಳಿಗ್ಗೆ ಆರಕ್ಕೆ ಕರೆ ಬಂತು. ಸಂಜೆ ಆರರೊಳಗೆ ವಿದ್ಯುತ್ ಹೊರಡಲೇಬೇಕು. ಮೇಸ್ತ್ರಿ ಕೈಪಿಡಿ ಬಿಚ್ಚಿ, ನಾಚಿಕೆ ಬಿಟ್ಟು, ಜೊತೆಯವರಿಗೆ ಹೇಳಿಯೇಬಿಟ್ಟ: "ನಂಗೂ ಇದು ಹೊಸದು ಕಣ್ರಪ್ಪಾ. ಯಾರಾದ್ರೂ ಜೋರಾಗಿ ಓದಿ."

ಮೊದಲು ಎಣ್ಣೆಯ ಉರಿ, ಆಮೇಲೆ ಕಲ್ಲಿದ್ದಲು. ಒಂದನೇ ಸಲ ಹತ್ತಲಿಲ್ಲ. ಎರಡನೆಯದೂ ಠುಸ್. ಮೂರನೇ ಸಲ ಗುಪ್ಪೆಂದು ಹೊತ್ತಿಕೊಂಡಾಗ, ಅಬ್ಬಾ, ಅವನು ಕುಣಿಯುವುದೊಂದು ಬಾಕಿ! ಆತುರಪಟ್ಟರೆ ಕೊಳವೆಗಳು ಸೀಳಿಹೋಗುತ್ತವೆಂದು ಶಾಖವನ್ನು ನಿಧಾನವಾಗಿ ಏರಿಸಿದ. ಐದೂ ಮುಕ್ಕಾಲಿಗೆ ವಿದ್ಯುತ್ ಹೊರಟಿತು. ಇಷ್ಟು ಸಂತೋಷ ಅವನಿಗೆ ಮೂವತ್ತು ವರ್ಷದಲ್ಲಿ ಆಗಿರಲಿಲ್ಲ.

ಮೂರನೆಯ ದಿನ ಬಿಸಿಲು ಬಂತು. ಹಿಂದೆಯೇ ಮಗಳ ಫೋನ್.

"ಅಪ್ಪಾ... ಬೇಜಾರು ಮಾಡ್ಕೋಬೇಡ... ಅದನ್ನ ಈಗ..." ಎಂದು ಅಂಜುತ್ತಲೇ ಶುರುಮಾಡಿದಳು.

"ಯಾಕೆ ಅಷ್ಟು ರಾಗ ಎಳೀತೀಯಾ? ಬಿಸಿಲು ನಂಗೂ ಕಾಣುತ್ತಮ್ಮ. ಆಗ್ಲೇ ಆರಿಸ್ತಾ ಇದ್ದೀನಿ," ಎಂದ ಮೇಸ್ತ್ರಿ. "ಬೇಕಾದಾಗ ಕರಿ, ಹಚ್ಚಿಕೊಡ್ತೀನಿ."