ಏಣಿಯ ಬುಡದಿಂದ ಬಂದ ಉತ್ತರ

ಪೇಂಟರ್ ಅತ್ತೆಗೆ ತಮ್ಮ ಗಂಡನ ಮುಖಕ್ಕಿಂತ ಅಂಗಾಲುಗಳ ಪರಿಚಯವೇ ಹೆಚ್ಚು ಎಂದು ನಮ್ಮ ಬೀದಿಯವರು ತಮಾಷೆ ಮಾಡುತ್ತಿದ್ದರು. ಅದರಲ್ಲಿ ಅತಿಶಯೋಕ್ತಿ ಕಡಿಮೆಯೇ ಇತ್ತು. ಅಂಗಡಿಗಳ ನೆತ್ತಿಯ ಮೇಲೆ ಬೋರ್ಡು ಬರೆಯುವ ಗಂಡ ಬಿದಿರೇಣಿಯ ತುದಿಯಲ್ಲಿ, ಅದನ್ನು ಎರಡೂ ಕೈಗಳಿಂದ ಹಿಡಿದ ಹೆಂಡತಿ ಬುಡದಲ್ಲಿ, ಹೀಗೆ ಅವರ ದಾಂಪತ್ಯದ ಬಹುಪಾಲು ಹಗಲುಗಳು ಕಳೆದಿದ್ದವು. ಸದಾ ಮೇಲೆ ನೋಡಿ ನೋಡಿ ಅತ್ತೆಯ ಗದ್ದ ತುಸು ಎತ್ತಿಕೊಂಡೇ ನಿಂತುಬಿಟ್ಟಿತ್ತು. ಪರಿಚಯವಿಲ್ಲದವರು ಅದನ್ನು ಜಂಬವೆಂದು ತಿಳಿಯುತ್ತಿದ್ದರು. ಅವರ ಬೈತಲೆಯಲ್ಲಿ ಒಣಗಿದ ಬಣ್ಣದ ಹನಿಯನ್ನು ನೋಡಿ, ಇವತ್ತು ಔಷಧದಂಗಡಿಯ ಹಸಿರು, ಇವತ್ತು ಬೀಗದಂಗಡಿಯ ಕೆಂಪು ಎಂದು ನಾವು ಊಹಿಸುತ್ತಿದ್ದೆವು.

ನಾನು ಅವರ ಪಕ್ಕದ ಮನೆಯವನು. ರಕ್ತಸಂಬಂಧವಿಲ್ಲದಿದ್ದರೂ ಮಾವ, ಅತ್ತೆ ಎಂದೇ ಕರೆದು ಬೆಳೆದವನು. ಮಾವ ಬಲು ಹಟಮಾರಿ. ಎಂಥ ಸೆಕೆಯಲ್ಲೂ, ಬಣ್ಣ ಕುಡಿದು ತಗಡಿನಂತೆ ಗಟ್ಟಿಯಾಗಿದ್ದ ಅದೇ ಹಳೆಯ ಕೋಟನ್ನು ತೊಡುತ್ತಿದ್ದರು. ಎಷ್ಟು ಎತ್ತರದಲ್ಲಿದ್ದರೂ ಕೆಳಗೆ ನೋಡುತ್ತಿರಲಿಲ್ಲ. ನೋಡಿದರೆ ಕೈ ನಡುಗೀತು, ಅಕ್ಷರ ಸೊಟ್ಟಗಾದೀತು. ಅದರ ಬದಲು ಒಂದೊಂದು ಅಕ್ಷರ ಮುಗಿದಾಗಲೂ "ಇದ್ದೀಯೇನೇ?" ಎನ್ನುತ್ತಿದ್ದರು. ಕೆಳಗಿನಿಂದ ಅತ್ತೆ "ಇದ್ದೀನ್ರೀ" ಎಂದು ಕೂಗುತ್ತಿದ್ದರು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇದು ಕಸುಬಿನಿಂದ ಬಂದ ಗುಣ, ಅದೂ ಹೋಗಲಿಲ್ಲ. ಏಣಿ ಹತ್ತುವುದು ನಿಂತ ಮೇಲೂ ಮಾವ ಬಚ್ಚಲಿನಿಂದ, ಜಗಲಿಯಿಂದ, ಅರೆನಿದ್ದೆಯಿಂದ ಅದೇ ಪ್ರಶ್ನೆ ಕೇಳುತ್ತಿದ್ದರು. "ನಿಮ್ಮನ್ನ ಕಟ್ಕೊಂಡು ಇನ್ನೆಲ್ಲಿಗೆ ಹೋಗ್ಲಿ?" ಎಂದು ಅತ್ತೆ ಒಮ್ಮೊಮ್ಮೆ ಗದರುವುದೂ ಇತ್ತು.

ಆಮೇಲೆ ಕಷ್ಟಗಳು ಮಾತಾಡಿಕೊಂಡಂತೆ ಜೊತೆಯಾಗಿ ಬಂದವು. ಸಕ್ಕರೆ ಕಾಯಿಲೆ ಮಾವನ ಕಣ್ಣುಗಳನ್ನು ಮೆಲ್ಲಮೆಲ್ಲನೆ ತಿಂದು, ಕೊನೆಗೆ ಬೆಳಕು ಕತ್ತಲೆಯ ವ್ಯತ್ಯಾಸವನ್ನಷ್ಟೇ ಉಳಿಸಿತು. ಹೃದಯವೂ ದುರ್ಬಲವಾಗಿದೆ, ಗಾಬರಿಪಡಿಸಬೇಡಿ ಎಂದರು ಡಾಕ್ಟರು. ಗಾಯದ ಮೇಲೆ ಬರೆ ಎಳೆದಂತೆ, ಅದೇ ತಿಂಗಳು, ನೆಗಡಿಯೆಂದು ನಾವೆಲ್ಲ ಉದಾಸೀನ ಮಾಡಿದ್ದ ಅತ್ತೆಯ ಗೊಗ್ಗರು ದನಿ ಗಂಟಲಿನ ಕ್ಯಾನ್ಸರ್ ಎಂದು ತಿಳಿಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವ ಉಳಿಯಬಹುದು, ದನಿ ಉಳಿಯುವುದಿಲ್ಲ. ಆ ಕೋಣೆಯಲ್ಲಿ ನಾನೂ ಇದ್ದೆ. ಡಾಕ್ಟರ ಮಾತಿಗಿಂತ, ಅತ್ತೆಯ ಗದ್ದ ಮೊದಲ ಸಲ ಕೆಳಗಿಳಿದದ್ದನ್ನು ಕಂಡು ನನಗೆ ಹೆಚ್ಚು ಭಯವಾಯಿತು.

"ಆಪರೇಷನ್ ಬೇಡ" ಎಂದರು ಅತ್ತೆ, ಹೊರಗಿನ ಬೆಂಚಿನ ಮೇಲೆ ಕೂತು, ನನ್ನ ಕಡೆ ತಿರುಗಿ. "ಇವರಿಗೆ ಕಣ್ಣಿಲ್ಲ. ನನ್ನ ಬಾಯೂ ಹೋದ್ರೆ ನಾನು ಇದ್ದೂ ಇಲ್ಲದ ಹಾಗೆ. ಕರೆದು ಕರೆದು ಎದೆ ಒಡ್ಕೊಳ್ತಾರೆ."

ಪಕ್ಕದಲ್ಲೇ ಕೂತಿದ್ದ ಮಾವ ಕೋಟಿನ ಗುಂಡಿಯನ್ನು ತಿರುವಿದರು. ಆಮೇಲೆ ಅಂದರು, "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಮೇಲೆ ನಿಂತಾಗ ನಿನ್ನ ಮಾತು ನಂಗೆ ಒಂದು ದಿನಾನೂ ಕೇಳಿಸ್ಲಿಲ್ಲ ಕಣೇ. ಕೆಳಗೆ ಅಷ್ಟೊಂದು ಬಸ್ಸು, ಲಾರಿ."

"ಮತ್ತೆ ಯಾಕೆ ಕೇಳ್ತಿದ್ರಿ?"

"ನಾನು ಕೇಳ್ದಾಗೆಲ್ಲ ನೀನು ಏಣೀನ ಇನ್ನೊಂಚೂರು ಬಿಗಿ ಹಿಡೀತಿದ್ದೆ. ಕಾಲಿಗೆ ಗೊತ್ತಾಗ್ತಿತ್ತು."

ಅರ್ಧ ಆಯುಷ್ಯ ಗಂಟಲು ಹರಿದುಕೊಂಡದ್ದೆಲ್ಲ ಗಾಳಿಗೆ ಹೋಯಿತೆಂದು ಅತ್ತೆಗೆ ಸಿಟ್ಟು ಬಂತು. ಆಮೇಲೆ ನಗು ಬಂತು, ನಗುವಿನ ಹಿಂದೆ ಕೆಮ್ಮು. ಮರುದಿನ ಒಪ್ಪಿಕೊಂಡರು.

ಆಪರೇಷನ್ ಆಗಿ ಅತ್ತೆ ಆಸ್ಪತ್ರೆಯಿಂದ ಮರಳಿದ ಹೊಸತರಲ್ಲಿ ಒಂದು ಬೆಳಿಗ್ಗೆ ಗೋಡೆಯಾಚೆ ಧಡಾರೆಂಬ ಸದ್ದು ಕೇಳಿ ಓಡಿದೆ. ಮಾವ ಕರೆದಿದ್ದರು, ಅಡುಗೆಮನೆಯಲ್ಲಿದ್ದ ಅತ್ತೆ ಅಭ್ಯಾಸಬಲದಿಂದ ತುಟಿಯಲ್ಲೇ ಉತ್ತರಿಸಿದ್ದರು. ಉತ್ತರ ಬಾರದೆ ಮಾವ ಗಾಬರಿಯಿಂದ ಎದ್ದು, ಬಾಗಿಲಿಗೆ ಬಡಿದು ಬಿದ್ದಿದ್ದರು. ಎದೆ ಹಿಡಿದುಕೊಂಡು ನೆಲದ ಮೇಲೆ ಅವರು ಏದುಸಿರು ಬಿಡುತ್ತಿದ್ದರೆ, ಪಕ್ಕದಲ್ಲಿ ಕುಸಿದ ಅತ್ತೆ ಬಾಯಿ ತೆರೆದು ಮುಚ್ಚುತ್ತಿದ್ದರು. ಉಸಿರಾಟಕ್ಕೆಂದು ಡಾಕ್ಟರು ಕತ್ತಿನಲ್ಲಿ ಮಾಡಿದ್ದ ರಂಧ್ರದಲ್ಲಿ ಉಸಿರು ಸುಯ್ಗುಟ್ಟುವುದಷ್ಟೇ ಕೇಳುತ್ತಿತ್ತು. ಅಂಥ ಭಯವನ್ನು ಮನುಷ್ಯರ ಮುಖದಲ್ಲಿ ನಾನು ಬೇರೆಲ್ಲೂ ಕಂಡಿಲ್ಲ.

ಉಸಿರು ಹಿಡಿತಕ್ಕೆ ಬಂದ ಮೇಲೆ ಮಾವ ಹೇಳಿದ ಮೊದಲ ಮಾತು, "ಹಿತ್ತಲಲ್ಲಿ ಏಣಿ ಇದೆ, ತಗೊಂಡ್ಬಾಪ್ಪ." ಅದನ್ನು ಅಡ್ಡಲಾಗಿ, ಒಂದು ತುದಿ ಅವರ ಮಂಚದ ಮೇಲೆ, ಇನ್ನೊಂದು ತುದಿ ಅತ್ತೆಯ ಮಂಚದ ಮೇಲೆ ಬರುವಂತೆ ಮಲಗಿಸಿದೆ. ಅತ್ತೆ ತಮ್ಮ ಕೈಕೆಲಸವನ್ನೆಲ್ಲ ಆ ಕೋಣೆಗೇ ತಂದುಕೊಂಡರು. "ಇದ್ದೀಯೇನೇ?" ಎಂದಾಗ ಆ ತುದಿಯನ್ನು ಬಿಗಿಯಾಗಿ ಹಿಡಿಯುತ್ತಾರೆ, ಈ ತುದಿಯಲ್ಲಿ ಮಾವನ ಅಂಗೈ ಅದನ್ನು ಓದಿಕೊಳ್ಳುತ್ತದೆ.

ಈಗ ಅತ್ತೆಯ ಕತ್ತಿನ ಬದಿಯಲ್ಲಿ ಕ್ಯಾನ್ಸರ್ ಮತ್ತೆ ಗಂಟಾಗಿ ಕಾಣಿಸಿಕೊಂಡಿದೆ. ಮೊನ್ನೆ ಮಧ್ಯಾಹ್ನ ನಾನು ಅವರ ಕೋಣೆಯಲ್ಲಿ ಕೂತಿದ್ದೆ. ಅತ್ತೆ ಕಣ್ಣು ಮುಚ್ಚಿ ಮಲಗಿದ್ದರು, ಕೈ ಏಣಿಯ ಮೇಲಿತ್ತು. ಮಾವ ಕೇಳಿದರು. ಏಣಿ ಅಲುಗಲಿಲ್ಲ. ಇನ್ನೊಮ್ಮೆ ಕೇಳಿದರು, ದನಿ ಒಡೆದಿತ್ತು. ಅತ್ತೆಯ ಎದೆ ಏರಿಳಿಯುತ್ತಿದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ, ನೋಡುವ ಧೈರ್ಯವೂ ಬರಲಿಲ್ಲ. ಮಾವನ ಹೃದಯ ನೆನಪಾಗಿ, ಕೈಚಾಚಿ ಏಣಿಯನ್ನು ನಾನೇ ಹಿಡಿದೆ.

"ನೀನು ಬಿಡಪ್ಪ" ಎಂದರು ಮಾವ, ಮೆಲ್ಲಗೆ. "ಅವಳು ಹಿಡಿಯೋದು ಹೀಗಲ್ಲ."

ಕೈ ತೆಗೆದೆ. ಮಾವ ಮೂರನೆಯ ಸಲ ಕೇಳಲಿಲ್ಲ. ಅಂಗೈಯನ್ನು ಬಿದಿರಿನ ಮೇಲೆ ಊರಿ ಸುಮ್ಮನೆ ಕಾದರು. ಎಷ್ಟೋ ಹೊತ್ತಿನ ಮೇಲೆ ಅವರ ಮುಖ ಸಡಿಲವಾಯಿತು. ತಿರುಗಿ ನೋಡಿದರೆ ನಿದ್ದೆಯಿಂದೆದ್ದ ಅತ್ತೆಯ ಬೆರಳುಗಳು ಏಣಿಯನ್ನು ಅಪ್ಪಿದ್ದವು.

ಗೋಡೆಯಾಚೆಯಿಂದ ನನಗೆ ಪ್ರಶ್ನೆಯಷ್ಟೇ ಕೇಳಿಸುತ್ತದೆ; ಉತ್ತರ ಕಿವಿಗೆ ಸಿಗುವಂಥದ್ದಲ್ಲ. ಕೈಯಲ್ಲಿದ್ದ ಕೆಲಸ ಬಿಟ್ಟು, ಪ್ರಶ್ನೆ ಮತ್ತೊಮ್ಮೆ ಕೇಳಿಸದಿರಲಿ ಎಂದು ಕಾಯುತ್ತೇನೆ. ಒಬ್ಬರ ಭಾರವನ್ನು ಇನ್ನೊಬ್ಬರ ಕೈಗೆ ಕೊಟ್ಟು ಬದುಕಿದ ಇಂಥ ಜೋಡಿಗಳು ಎಲ್ಲ ಬೀದಿಗಳಲ್ಲೂ ಇರಬೇಕು. ತಮ್ಮ ಸಾವಿನ ಮಾತು ಬಂದರೆ ಅವರು ತಮಾಷೆ ಮಾಡಿಯಾರು. ಒಮ್ಮೆ ಕೇಳಿದ ಪ್ರಶ್ನೆಯನ್ನು ಉತ್ತರ ಸಿಗದೆ ಎರಡನೆಯ ಸಲ ಕೇಳಬೇಕಾಗಿ ಬಂದರೆ ಮಾತ್ರ ಅವರ ಕೈಕಾಲು ತಣ್ಣಗಾಗುತ್ತವೆ.